ಬೂಷ್ಟಿನ ಬೆನ್ನು ಹತ್ತಿ ನೀರನ್ನು ಮರೆತವರು

ಫ್ರಾನ್ಸಿನ ನೈಋತ್ಯ ಭಾಗದ ವೆಜೆರ್ ಕಣಿವೆಯಲ್ಲಿ, ಮೊಂತಿನ್ಯಾಕ್ ಎಂಬ ಪುಟ್ಟ ಊರಿನ ಪಕ್ಕದ ಗುಡ್ಡದೊಳಗೆ ಲಾಸ್ಕೋ ಗುಹೆಯಿದೆ. ಕನಿಷ್ಠ 17,000 ವರ್ಷಗಳ ಹಿಂದೆ ಅಲ್ಲಿಗೆ ಇಳಿದ ಮನುಷ್ಯರು ಗೋಡೆಗಳ ಮೇಲೂ ತಲೆಯ ಮೇಲಿನ ಬಂಡೆಯ ಮೇಲೂ ಕಾಡುಗೂಳಿ, ಕುದುರೆ, ಸಾರಂಗಗಳನ್ನು ಕೆಂಪು, ಹಳದಿ, ಕಪ್ಪು ಬಣ್ಣಗಳಲ್ಲಿ ಬಿಡಿಸಿದರು. ಅವುಗಳಲ್ಲಿ ಒಂದು ಗೂಳಿಯ ಉದ್ದವೇ ಐದು ಮೀಟರಿಗೂ ಹೆಚ್ಚು. 1940ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರು ಒಳಹೊಕ್ಕು ನೋಡುವವರೆಗೆ ಆ ಚಿತ್ರಗಳು ಇದ್ದಲ್ಲೇ ಇದ್ದವು, ಬಣ್ಣ ಮಾಸಿರಲಿಲ್ಲ. 1948ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ತೆರೆದರು. 1963ರಲ್ಲಿ ಫ್ರಾನ್ಸಿನ ಸಂಸ್ಕೃತಿ ಸಚಿವರಾಗಿದ್ದ ಆಂದ್ರೆ ಮಾಲ್ರೋ ಅದನ್ನು ಮುಚ್ಚಿಸಬೇಕಾಯಿತು, ಏಕೆಂದರೆ ಗೋಡೆಗಳ ಮೇಲೆ ಹಸಿರು ಪಾಚಿ ಹಬ್ಬುತ್ತಿತ್ತು. ಸಾವಿರಾರು ವರ್ಷ ಕತ್ತಲಲ್ಲಿ ಕೆಡದೆ ಉಳಿದದ್ದು ಹದಿನೈದೇ ವರ್ಷಗಳಲ್ಲಿ ಕಾಯಿಲೆ ಬಿತ್ತು. ಇಂಥಲ್ಲಿ ಪಾಚಿ, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲಿಂದ ಬಂದವು, ಹೇಗೆ ಕೊಲ್ಲುವುದು ಎಂದು ಕೇಳುವುದು ಸಹಜ. ಇಷ್ಟು ಕಾಲ ಅವು ಯಾಕೆ ಸುಮ್ಮನಿದ್ದವು ಎಂದು ಕೇಳುವವರು ಕಡಿಮೆ. ಹಳೆಯ ಚಿತ್ರಗಳನ್ನು ಕಾಪಾಡಲು ನಡೆದ ಪ್ರಯತ್ನಗಳ ಚರಿತ್ರೆಯನ್ನು ನೋಡಿದರೆ, ಮೊದಲ ಪ್ರಶ್ನೆಯ ಹಿಂದೆ ಓಡಿದ ಕಡೆಗಳಲ್ಲೇ ನಷ್ಟ ಬೆಳೆಯುತ್ತ ಹೋಗಿದೆ ಎಂಬುದು ನನ್ನ ವಾದ. ಭಿತ್ತಿಚಿತ್ರಕ್ಕೆ ಸೂಕ್ಷ್ಮಜೀವಿ ತಗುಲಿದಾಗ ನೀರು, ಗಾಳಿ, ಬೆಳಕಿನಲ್ಲಿ ಏನು ಬದಲಾಯಿತು ಎಂದು ಮೊದಲು ಹುಡುಕಬೇಕು. ಮದ್ದಿನ ಮಾತು ಆಮೇಲಿನದು.

ಚಿತ್ರ ಬರೆದ ಗೋಡೆ ನಾವು ಅಂದುಕೊಂಡಷ್ಟು ನಿರ್ಜೀವವಾದ ವಸ್ತುವಲ್ಲ. ಲಾಸ್ಕೋದಲ್ಲಿ ಬಣ್ಣ ಬಂಡೆಯ ಮೇಲೇ ಇದೆ. ಆದರೆ ಕಟ್ಟಿದ ಗೋಡೆಗಳಲ್ಲಿ, ನಮ್ಮ ದೇಶದ ಗುಹಾಲಯಗಳಲ್ಲಿ, ಅಡಿಯಲ್ಲಿ ಕಲ್ಲೋ ಇಟ್ಟಿಗೆಯೋ ಇದ್ದರೆ ಅದರ ಮೇಲೆ ಸುಣ್ಣದ ಅಥವಾ ಮಣ್ಣಿನ ಗಾರೆ. ಗಾರೆ ಬಿರುಕು ಬಿಡದಿರಲೆಂದು ಬೆರೆಸಿದ ಹೊಟ್ಟು, ಹುಲ್ಲು, ನಾರು. ಅದರ ಮೇಲೆ ಬಣ್ಣದ ಪುಡಿ, ಪುಡಿಯನ್ನು ಹಿಡಿದಿಡಲು ಚರ್ಮದಿಂದ ತೆಗೆದ ಸರೇಸು, ಮೊಟ್ಟೆ, ಹಾಲಿನ ಸತ್ವ ಅಥವಾ ಗಿಡದ ಗೋಂದು. ಎಲ್ಲದರ ಮೇಲೆ ಕಾಲಕಾಲದ ದೂಳು, ದೀಪದ ಮಸಿ, ಬಾವಲಿಗಳ ಹಿಕ್ಕೆ. ಇದರಲ್ಲಿ ಬಹುಪಾಲು ಸೂಕ್ಷ್ಮಜೀವಿಗೆ ಊಟವೇ. ಶಿಲೀಂಧ್ರದ ಬೀಜಕಗಳು ಎಲ್ಲ ಗಾಳಿಯಲ್ಲೂ ತೇಲುತ್ತಿರುತ್ತವೆ, ಅವುಗಳನ್ನು ಬಾಗಿಲ ಹೊರಗೆ ತಡೆಯುತ್ತೇವೆ ಎನ್ನುವುದು ಆಗದ ಮಾತು. ಗಾಳಿಯ ಸಾಪೇಕ್ಷ ತೇವಾಂಶ ಶೇ. 65-70ನ್ನು ದಾಟಿ ದಿನಗಟ್ಟಲೆ ಹಾಗೇ ನಿಂತರೆ ಅವು ಮೊಳೆಯುತ್ತವೆ. ಮೊಳೆತ ಎಳೆಗಳು ಬಣ್ಣದ ಪದರದ ಸಣ್ಣ ಬಿರುಕುಗಳಲ್ಲಿ ಇಳಿದು ಬಣ್ಣವನ್ನು ಗಾರೆಯಿಂದ ಎಬ್ಬಿಸುತ್ತವೆ, ಅಂಟನ್ನು ತಿಂದು ಬಣ್ಣವನ್ನು ಪುಡಿಯಾಗಿಸುತ್ತವೆ, ಆಕ್ಸಾಲಿಕ್ ಆಮ್ಲ, ಸಿಟ್ರಿಕ್ ಆಮ್ಲಗಳನ್ನು ಸ್ರವಿಸಿ ಸುಣ್ಣವನ್ನೇ ಕರಗಿಸುತ್ತವೆ. ಸೀಸದ ಬಿಳಿ ಬಣ್ಣ ಕಂದಾಗಿ ಕಪ್ಪಾಗುವುದರಲ್ಲಿ ಬ್ಯಾಕ್ಟೀರಿಯಾಗಳಿಗೂ ಪಾಲಿರುತ್ತದೆ. ಗೋಡೆಯಲ್ಲಿ ಉಪ್ಪು ಮೇಲೆದ್ದಿದ್ದರೆ ಉಪ್ಪನ್ನು ತಾಳಿಕೊಳ್ಳುವ ಜಾತಿಗಳು ಅಲ್ಲಿ ಬೀಡುಬಿಟ್ಟು ಬಣ್ಣದ ಮೇಲೆ ಗುಲಾಬಿ ಕಲೆ ಮೂಡಿಸುತ್ತವೆ. ಪಾಚಿಗೆ ಬೆಳಕು ಬೇಕು, ಹಾಗಾಗಿ ಕತ್ತಲ ಗುಹೆಯಲ್ಲಿ ವಿದ್ಯುದ್ದೀಪ ಹಾಕಿದ ಕಡೆಯೇ ಅದು ಹಸಿರಾಗುತ್ತದೆ. ಊಟ ಬೇರೆ, ರೀತಿ ಬೇರೆ. ನೀರು ಮಾತ್ರ ಎಲ್ಲಕ್ಕೂ ಬೇಕು. ಅದು ಛಾವಣಿಯಿಂದ ಸೋರಿದ್ದಾಗಬಹುದು, ನೆಲದಿಂದ ಮೇಲೇರಿದ್ದಾಗಬಹುದು, ಜನರ ಉಸಿರಿನಿಂದ ಬಂದು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿದ್ದೂ ಆಗಬಹುದು.

ಲಾಸ್ಕೋದಲ್ಲಿ ಆದದ್ದನ್ನು ಈ ಕಣ್ಣಿನಿಂದ ನೋಡಬೇಕು. ಆ ಗುಹೆಯ ಮೇಲೆ ನೀರಿಳಿಯದ ಜೇಡಿಯಂಥ ಪದರವಿತ್ತು. ಬಾಯಿ ಕುಸಿದ ಕಲ್ಲುಮಣ್ಣಿನಿಂದ ಮುಚ್ಚಿಹೋಗಿತ್ತು. ಒಳಗಿನ ಗಾಳಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿ ನಿಂತಿತ್ತು. ಜನರನ್ನು ಬಿಡುವುದಕ್ಕಾಗಿ ಆ ಕಲ್ಲುಮಣ್ಣನ್ನು ತೆಗೆದರು, ನೆಲವನ್ನು ಅಗೆದು ತಗ್ಗಿಸಿದರು, ಮೆಟ್ಟಿಲು ಕಟ್ಟಿದರು, ದೀಪ ಹಾಕಿದರು. 1950ರ ದಶಕದಲ್ಲಿ ದಿನವೊಂದಕ್ಕೆ ಸಾವಿರಕ್ಕೂ ಮೀರಿ ಜನ ಬರತೊಡಗಿದರು. ಸುಮ್ಮನೆ ನಿಂತ ಮನುಷ್ಯನೂ ಸುಮಾರು 100 ವಾಟ್ ಶಾಖ ಹೊರಬಿಡುತ್ತಾನೆ, ಜೊತೆಗೆ ಉಸಿರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡ್. ಆವಿ ಬಂಡೆಯ ಮೇಲೆ ನೀರಾಯಿತು. ಇಂಗಾಲದ ಡೈಆಕ್ಸೈಡ್ ಕರಗಿ ಹುಳಿಯಾದ ನೀರು ಸುಣ್ಣಕಲ್ಲನ್ನು ಒಂದು ಕಡೆ ತಿಂದು ಇನ್ನೊಂದು ಕಡೆ ಬಿಳಿ ಹರಳಾಗಿ ಬಿಟ್ಟಿತು. ಅದಕ್ಕೆ ‘ಬಿಳಿ ರೋಗ’ ಎಂದರು. ದೀಪದ ಬೆಳಕಿಗೆ ಪಾಚಿ ಬೆಳೆಯಿತು, ಅದಕ್ಕೆ ‘ಹಸಿರು ರೋಗ’ ಎಂದರು. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಸಿಂಪಡಿಸಿ, ಫಾರ್ಮಾಲ್ಡಿಹೈಡ್ ಬಳಸಿ ಹಸಿರನ್ನು ಹಿಮ್ಮೆಟ್ಟಿಸಿದರು. ಅದೇ ಹೊತ್ತಿಗೆ ಜನರ ಪ್ರವೇಶ ನಿಂತಿತು, ಬೆಳಕು ತಗ್ಗಿತು. ಒಳಗಿನ ಆವಿಯನ್ನು ಒಂದು ತಣ್ಣನೆಯ ಜಾಗದಲ್ಲಿ ಹನಿಗಟ್ಟಿಸಿ ಹಿಡಿಯುವ ಸರಳ ಯಂತ್ರವೊಂದನ್ನೂ ಕೂರಿಸಿದರು. ಮುಂದಿನ ಮೂರು ದಶಕಗಳಿಗೂ ಮಿಕ್ಕಿ ಗುಹೆ ಬಹುಮಟ್ಟಿಗೆ ಶಾಂತವಾಗಿತ್ತು. ಈ ಶಾಂತಿಯ ಶ್ರೇಯಸ್ಸು ಔಷಧಕ್ಕೆ ಸಲ್ಲಬೇಕೋ, ಕಡಿಮೆಯಾದ ಆವಿ ಮತ್ತು ಬೆಳಕಿಗೆ ಸಲ್ಲಬೇಕೋ ಎಂದು ಆಗ ಯಾರೂ ಬಿಡಿಸಿ ನೋಡಲಿಲ್ಲ. ಒಳಹೋಗುವ ಬೆರಳೆಣಿಕೆಯ ಜನ ಫಾರ್ಮಾಲ್ಡಿಹೈಡ್ ತುಂಬಿದ ತೊಟ್ಟಿಯಲ್ಲಿ ಪಾದರಕ್ಷೆ ಅದ್ದಿ ಹೋಗುವ ಪದ್ಧತಿ ಮಾತ್ರ ದಶಕಗಳ ಕಾಲ ಮುಂದುವರಿಯಿತು.

2000ದ ಸುಮಾರಿಗೆ ಹಳೆಯ ಯಂತ್ರ ತೆಗೆದು ಹೊಸದನ್ನು ಹಾಕಿದರು. 2001ರಲ್ಲಿ ಗುಹೆಯ ನೆಲ ಮತ್ತು ಅಂಚುಗಳ ಮೇಲೆ ಬಿಳಿ ಬೂಷ್ಟು ಹತ್ತಿಯಂತೆ ಹರಡಿತು. ಅದು ಫ್ಯುಸೇರಿಯಮ್ ಸೊಲಾನಿ, ಹೊಲದ ಬೆಳೆಗಳ ಬೇರು ಕೊಳೆಸುವ ಶಿಲೀಂಧ್ರವೆಂದು ಕೃಷಿಕರು ಬಲ್ಲ ಹೆಸರು. ಗುಹೆಯಲ್ಲಿ ಸಿಕ್ಕ ಅದರ ತಳಿ ಫಾರ್ಮಾಲ್ಡಿಹೈಡನ್ನು ತಾಳಿಕೊಳ್ಳುತ್ತಿತ್ತು. ಅಷ್ಟು ವರ್ಷ ಬಾಗಿಲಲ್ಲಿಟ್ಟ ತೊಟ್ಟಿಯೇ ಅಂಥ ತಳಿಯನ್ನು ಆರಿಸಿ ಒಳಗೆ ಬಿಟ್ಟಿತೆಂಬ ಅನುಮಾನ ಹುಟ್ಟಿದ್ದು ಆಗ. ನೆಲಕ್ಕೆ ಸುಟ್ಟ ಸುಣ್ಣ ಸುರಿದರು. ಗೋಡೆಗೆ ಬೆನ್ಜಾಲ್ಕೋನಿಯಮ್ ಕ್ಲೋರೈಡ್ ಎಂಬ ಕ್ರಿಮಿನಾಶಕದಲ್ಲೂ ಪ್ರತಿಜೀವಕಗಳಲ್ಲೂ ಅದ್ದಿದ ಪಟ್ಟಿಗಳನ್ನು ಒತ್ತಿದರು. ಶಿಲೀಂಧ್ರದ ಜೊತೆಗಿದ್ದ ಕೆಲವು ಬ್ಯಾಕ್ಟೀರಿಯಾಗಳು ಆ ಕ್ರಿಮಿನಾಶಕವನ್ನೇ ಒಡೆದು ಅರಗಿಸಿಕೊಳ್ಳಬಲ್ಲವು ಎಂಬುದು ಬಳಿಕ ತಿಳಿಯಿತು. ಅದರ ಅಣುವಿನಲ್ಲಿ ಇಂಗಾಲವೂ ಇದೆ, ಸಾರಜನಕವೂ ಇದೆ. ಬಡ ಗುಹೆಯಲ್ಲಿ ಇವೆರಡೂ ಅಪರೂಪದ ಪೋಷಕಾಂಶಗಳು. ಬಿಳಿ ಬೂಷ್ಟು ಇಳಿಮುಖವಾದ ಮೇಲೆ ಕಪ್ಪು ಕಲೆಗಳು ಕಾಣಿಸಿಕೊಂಡವು, 2006-07ರ ಹೊತ್ತಿಗೆ ಬೆಳೆದವು. ಕಾರಣವಾದ ಶಿಲೀಂಧ್ರಗಳಲ್ಲಿ ಒಂದು ವಿಜ್ಞಾನಕ್ಕೇ ಹೊಸದಾಗಿತ್ತು, 2012ರಲ್ಲಿ ಅದಕ್ಕೆ ಗುಹೆಯ ಹೆಸರನ್ನೇ ಸೇರಿಸಿ ಒಕ್ರೊಕೋನಿಸ್ ಲಾಸ್ಕೋಎನ್ಸಿಸ್ ಎಂದು ಹೆಸರಿಟ್ಟರು. ಅದರ ಮೈಯ ಕಪ್ಪು ಮೆಲನಿನ್ ಬಂಡೆಗೆ ಹತ್ತಿದರೆ ಜೀವಿ ಸತ್ತರೂ ಕಲೆ ಉಳಿಯುತ್ತದೆ. ಶಿಲೀಂಧ್ರ ಮೇಯುವ ಪುಟ್ಟ ಕೀಟಗಳು ಅದರ ಬೀಜಕಗಳನ್ನು ಗೋಡೆಯಿಂದ ಗೋಡೆಗೆ ಹೊತ್ತು ತಿರುಗಿದವು. ಒಂದೇ ಕಳೆನಾಶಕವನ್ನು ಮತ್ತೆ ಮತ್ತೆ ಹೊಡೆದ ಹೊಲದಲ್ಲಿ ಯಾವ ಕಳೆ ಉಳಿಯುತ್ತದೆಂದು ರೈತನಿಗೆ ಗೊತ್ತು. ಗುಹೆಯ ಗೋಡೆಯಲ್ಲೂ ಅದೇ ಆಯಿತು, ಇದ್ದದ್ದರಲ್ಲಿ ಗಟ್ಟಿಯಾದದ್ದು ಉಳಿದು, ಎದುರಾಳಿಗಳಿಲ್ಲದ ಜಾಗವನ್ನೆಲ್ಲ ತನ್ನದಾಗಿಸಿಕೊಂಡಿತು.

ಒಂದು ಗುಹೆಯ ಕಥೆಯಿಂದ ಸಾಮಾನ್ಯ ನಿಯಮ ಕಟ್ಟಬಾರದು ಎಂಬ ಆಕ್ಷೇಪ ನ್ಯಾಯವಾದದ್ದು. ಕ್ರಿಮಿನಾಶಕದಿಂದಲೇ ಕಪ್ಪು ಕಲೆ ಬಂತೆನ್ನುವುದು ಸಂಶೋಧಕರ ಬಲವಾದ ಅನುಮಾನ, ಪ್ರಯೋಗಶಾಲೆಯಲ್ಲಿ ತೋರಿಸಿದ ಸಾಬೀತಲ್ಲ. ಅದಕ್ಕೇ ಜಪಾನಿನ ತಕಮತ್ಸುಜುಕಾ ಸಮಾಧಿಯ ಕಡೆ ನೋಡಬೇಕು. ಬೇರೆ ಖಂಡ, ಬೇರೆ ಹವೆ, ಬೇರೆ ತಂತ್ರ. ನಾರಾ ಪ್ರಾಂತ್ಯದ ಅಸುಕಾ ಎಂಬ ಹಳ್ಳಿಯ ಮಣ್ಣಿನ ದಿಬ್ಬದಡಿ, ಒಬ್ಬ ಮನುಷ್ಯ ಬಗ್ಗಿ ಕೂರುವಷ್ಟೇ ಜಾಗದ ಕಲ್ಲಿನ ಕೋಣೆಯಲ್ಲಿ, ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯದರ ಆರಂಭದ ಚಿತ್ರಗಳು 1972ರಲ್ಲಿ ಸಿಕ್ಕವು. ಬಣ್ಣಬಣ್ಣದ ಉಡುಪಿನ ಆಸ್ಥಾನದ ಹೆಂಗಸರು, ದಿಕ್ಕುಗಳನ್ನು ಕಾಯುವ ಪ್ರಾಣಿಗಳು, ಛಾವಣಿಯಲ್ಲಿ ನಕ್ಷತ್ರಗಳು. ದೇಶ ಅವನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿತು. ಜನರನ್ನು ಒಳಗೆ ಬಿಡಲಿಲ್ಲ, ಪಕ್ಕದಲ್ಲೇ ಹವೆ ಕಾಯುವ ಕಟ್ಟಡವನ್ನೂ ಕಟ್ಟಿದರು. ಆದರೂ ಬೂಷ್ಟು ಬಂತು. ಪ್ಯಾರಾಫಾರ್ಮಾಲ್ಡಿಹೈಡಿನ ಹೊಗೆ ಕೊಟ್ಟರು, ಆಲ್ಕೋಹಾಲಿನಿಂದ ಒರೆಸಿದರು, ಬಣ್ಣ ಉದುರದಂತೆ ಅಕ್ರಿಲಿಕ್ ರಾಳ ಹಾಕಿದರು. ಹೋದಂತೆ ಕಂಡದ್ದು ಮರಳಿ ಬಂತು. ಅಲ್ಲಿಂದ ಸಂಗ್ರಹಿಸಿದ ಜೀವಿಗಳಲ್ಲಿ ತೆಳುವಾದ ಆಲ್ಕೋಹಾಲನ್ನೇ ಆಹಾರವಾಗಿಸಿಕೊಳ್ಳುವಂಥವು ಇದ್ದವು. 2004ರಲ್ಲಿ ಬಿಳಿ ಹುಲಿಯ ಚಿತ್ರ ಮಾಸಿಹೋಗಿರುವ ಸುದ್ದಿ ಪತ್ರಿಕೆಗಳಲ್ಲಿ ಬಂದು ದೇಶವೇ ನೊಂದಿತು. ಕೊನೆಗೆ 2007ರಲ್ಲಿ ದಿಬ್ಬವನ್ನು ತೆರೆದು ಕೋಣೆಯ 16 ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹೊರತಂದರು. ಸಮಾಧಿಯನ್ನು ಕಾಪಾಡಲು ಹೋಗಿ ಸಮಾಧಿಯನ್ನೇ ಬಿಚ್ಚಬೇಕಾಯಿತು. ಆಗ ನಡೆದ ಉತ್ಖನನದಲ್ಲಿ ಕಂಡದ್ದನ್ನು ಗಮನಿಸಬೇಕು: ದಿಬ್ಬದ ಮಣ್ಣನ್ನು ಹಳೆಯ ಭೂಕಂಪಗಳು ಸೀಳಿದ್ದವು. ನೀರಿಗೂ ಬೇರಿಗೂ ಹುಳುಗಳಿಗೂ ಆ ಸೀಳುಗಳೇ ದಾರಿ. ಒಳಗೆ ಎಷ್ಟು ಒರೆಸಿದರೂ ಹೊರಗಿನ ಆ ದಾರಿ ತೆರೆದೇ ಇತ್ತು.

ಇನ್ನೊಂದು ಆಕ್ಷೇಪ ಸ್ಥಳದಲ್ಲಿ ಕೆಲಸ ಮಾಡುವವರದು, ಅದು ಇನ್ನೂ ಗಂಭೀರ. ಕಣ್ಣೆದುರೇ ಬೂಷ್ಟು ವಾರದಿಂದ ವಾರಕ್ಕೆ ಹಬ್ಬುತ್ತಿರುವಾಗ ತೇವದ ಮೂಲ ಹುಡುಕುತ್ತ ಕೂರಲು ಸಾಧ್ಯವೇ? ಲಾಸ್ಕೋದ ಅಧಿಕಾರಿಗಳು 2001ರಲ್ಲಿ ಏನೂ ಮಾಡದಿದ್ದರೆ ಬೂಷ್ಟು ಗೂಳಿಗಳ ಮೈಗೆ ಏರುತ್ತಿತ್ತಲ್ಲ? ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅಂದು ಅವರು ಕೈಕಟ್ಟಿ ಕೂರುವಂತಿರಲಿಲ್ಲ, ಚಿತ್ರಗಳ ಬಹುಭಾಗ ಇಂದಿಗೂ ಉಳಿದಿರುವುದರಲ್ಲಿ ಅವರ ಶ್ರಮವಿದೆ. ಆದರೆ ಅದೇ ಲಾಸ್ಕೋದಲ್ಲಿ ಸ್ವಲ್ಪ ಕಾಲದ ನಂತರ ರಾಸಾಯನಿಕ ಬಿಟ್ಟು, ಬೂಷ್ಟನ್ನು ಕೈಯಿಂದ ಮೆಲ್ಲಗೆ ಎತ್ತಿ ತೆಗೆಯುವ ಕ್ರಮಕ್ಕೆ ಬಂದರು. ತುರ್ತಿಗೆ ಅದೂ ಒಂದು ಉತ್ತರ, ಗೋಡೆಗೆ ಹೊಸ ಆಹಾರ ಸೇರಿಸದ ಉತ್ತರ. ಮದ್ದು ಹಾಕಲೇಬೇಕಾದರೆ ಕಲೆಯಿದ್ದಷ್ಟೇ ಜಾಗಕ್ಕೆ, ಒಂದೆರಡು ಬಾರಿ, ಅದೂ ನೀರಿನ ದಾರಿ ಮುಚ್ಚುವ ಕೆಲಸ ಶುರುವಾದ ಮೇಲೆ ಹಾಕಬಹುದು. ವರ್ಷಗಟ್ಟಲೆ ಇಡೀ ಗೋಡೆಗೆ ಹಾಕುತ್ತ ಹೋದರೆ ಅದನ್ನು ತುರ್ತುಚಿಕಿತ್ಸೆ ಎನ್ನಲಾಗದು. 1963ರಿಂದ ಜನರನ್ನೇ ಬಿಡದ ಗುಹೆಗೆ 2001ರಲ್ಲಿ ಬೂಷ್ಟು ಬಂದದ್ದು ಹೇಗೆ, ಜನರ ಉಸಿರನ್ನು ದೂರುವುದು ತಪ್ಪಲ್ಲವೇ ಎಂದೂ ಕೆಲವರು ಕೇಳುತ್ತಾರೆ. ಜನ ಹೊರಗೆ ಹೋದರು, ಆದರೆ ಅಗೆದ ನೆಲ, ತೆರೆದ ಬಾಯಿ ಹಿಂದಿನಂತೆ ಆಗಲಿಲ್ಲ. ಒಮ್ಮೆ ಹದ ತಪ್ಪಿಸಿದ ಗುಹೆ ಅಲ್ಲಿಂದ ಮುಂದೆ ಯಂತ್ರದ ಆಸರೆಯಲ್ಲಿ ನಿಂತಿತ್ತು. ಆ ಆಸರೆಯನ್ನು ಬದಲಿಸಿದ ಬೆನ್ನಿಗೇ ಬೂಷ್ಟು ಬಂದದ್ದು ಕಾಕತಾಳೀಯವೂ ಆಗಿರಬಹುದು. ಆದರೆ ಅನುಮಾನ ಮೊದಲು ಹೋಗಬೇಕಾದದ್ದು ಅಲ್ಲಿಗೇ.

ಮದ್ದು ಹಾಕುವ ಮೊದಲು ತಾಳ್ಮೆಯಿಂದ ನೋಡಿದರೆ ಏನು ದಕ್ಕುತ್ತದೆ ಎಂಬುದಕ್ಕೆ ಈಜಿಪ್ಟಿನ ಟುಟಾಂಖಾಮನ್ ಸಮಾಧಿ ಉತ್ತಮ ನಿದರ್ಶನ. 1922ರಲ್ಲಿ ಹೊವಾರ್ಡ್ ಕಾರ್ಟರ್ ಅದನ್ನು ತೆರೆದಾಗಲೇ ಗೋಡೆಚಿತ್ರಗಳ ಮೇಲೆಲ್ಲ ಕಂದು ಚುಕ್ಕೆಗಳಿದ್ದವು. ಪ್ರವಾಸಿಗರು ಹೆಚ್ಚಿದಂತೆ, ಅವರ ಉಸಿರಿನ ತೇವದಿಂದ ಈ ಚುಕ್ಕೆಗಳು ಬೆಳೆಯುತ್ತಿವೆ ಎಂಬ ಆತಂಕ ಬಲವಾಯಿತು. ಮದ್ದು ಹೊಡೆಯಿರಿ ಎನ್ನಲು ಅಷ್ಟು ಸಾಕಿತ್ತು. ಈಜಿಪ್ಟಿನ ಪುರಾತತ್ವ ಇಲಾಖೆಯೂ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ 2009ರಲ್ಲಿ ಶುರುಮಾಡಿ ಹತ್ತು ವರ್ಷ ನಡೆಸಿದ ಕೆಲಸದಲ್ಲಿ ಮೊದಲು ಕೈಗೆತ್ತಿಕೊಂಡದ್ದು ಹಳೆಯ ಫೋಟೊಗಳನ್ನು. 1920ರ ದಶಕದಲ್ಲಿ ಹ್ಯಾರಿ ಬರ್ಟನ್ ತೆಗೆದ ಚಿತ್ರಗಳನ್ನು ಇಂದಿನ ಗೋಡೆಯ ಪಕ್ಕ ಇಟ್ಟು ನೋಡಿದರೆ ಚುಕ್ಕೆಗಳು ಅಲ್ಲಲ್ಲೇ ಇದ್ದವು, ಹೊಸದಾಗಿ ಬೆಳೆದಿರಲಿಲ್ಲ. ಡಿಎನ್‌ಎ ಮತ್ತು ರಾಸಾಯನಿಕ ಪರೀಕ್ಷೆಗಳೂ ಅದನ್ನೇ ಹೇಳಿದವು: ಚುಕ್ಕೆಗಳು ಸೂಕ್ಷ್ಮಜೀವಿಗಳಿಂದ ಆದವೇ ಹೌದು, ಆದರೆ ಆ ಜೀವಿಗಳು ಯಾವಾಗಲೋ ಸತ್ತಿವೆ. ಗಾರೆ ಒಣಗುವ ಮುನ್ನವೇ ಆತುರದಲ್ಲಿ ಸಮಾಧಿ ಮುಚ್ಚಿದ್ದರಿಂದ ಆಗ ಬೆಳೆದಿರಬೇಕು ಎಂಬುದು ಒಂದು ಊಹೆ. ಕಂದು ಬಣ್ಣ ಚಿತ್ರದ ಪದರದೊಳಗೇ ಇಳಿದಿರುವುದರಿಂದ ಅದನ್ನು ತೆಗೆಯಲು ಹೋದರೆ ಚಿತ್ರವೂ ಹೋಗುತ್ತದೆಂದು ಹಾಗೇ ಬಿಟ್ಟರು. ಹಣ ಮತ್ತು ಶ್ರಮ ಹೋದದ್ದು ದೂಳು, ತೇವ, ಇಂಗಾಲದ ಡೈಆಕ್ಸೈಡ್ ಹತೋಟಿಗೆ ಬರುವಂಥ ಗಾಳಿ ವ್ಯವಸ್ಥೆಗೆ. ಸತ್ತ ಜೀವಿಗಳ ಮೇಲೆ ವಿಷ ಸುರಿಯುವ ಪ್ರಮಾದವೊಂದು ಹೀಗೆ ತಪ್ಪಿತು. ನನಗೆ ಗೊತ್ತಿರುವ ಸಂರಕ್ಷಣಾ ಕೆಲಸಗಳಲ್ಲಿ ಇಷ್ಟು ಮನಸ್ಸಿಗೆ ಒಪ್ಪುವ ನಿರ್ಧಾರ ಇನ್ನೊಂದಿಲ್ಲ. ಸೂಕ್ಷ್ಮಜೀವಿಯನ್ನು ಹುಟ್ಟಾ ಶತ್ರುವೆಂದು ಎಣಿಸುವುದೂ ಸರಿಯಲ್ಲ. ಇಟಲಿಯ ಪೀಸಾದ ಕಾಂಪೊ ಸಾಂತೊದಲ್ಲಿ, 1944ರ ಬೆಂಕಿಯ ಬಳಿಕ ಗೋಡೆಯಿಂದ ಬಿಡಿಸಿ ತೆಗೆದ ಚಿತ್ರಗಳ ಮೇಲೆ ಗಟ್ಟಿಯಾಗಿ ಉಳಿದಿದ್ದ ಹಳೆಯ ಪ್ರಾಣಿಜನ್ಯ ಅಂಟು ಯಾವುದಕ್ಕೂ ಜಗ್ಗದಿದ್ದಾಗ, ಒಂದು ಜಾತಿಯ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಹಚ್ಚಿ ಅದನ್ನು ತಿನ್ನಿಸಿದರು. ಬಣ್ಣಕ್ಕೆ ಧಕ್ಕೆಯಾಗಲಿಲ್ಲ.

ಹಾಗಾದರೆ ಎಲ್ಲ ಚಿತ್ರಗಳನ್ನೂ ಬೀಗ ಹಾಕಿ ಇಡಬೇಕೆ, ಯಾರೂ ನೋಡದ ಚಿತ್ರ ಇದ್ದೂ ಏನು ಫಲ ಎಂಬ ಪ್ರಶ್ನೆ ಉಳಿಯುತ್ತದೆ. ಫ್ರಾನ್ಸ್ ಇದಕ್ಕೆ ಕಂಡುಕೊಂಡ ಉತ್ತರ ಪ್ರತಿಕೃತಿ. ಲಾಸ್ಕೋ ಗುಹೆಯ ಮುಖ್ಯ ಭಾಗಗಳ ಪ್ರತಿಕೃತಿ 1983ರಲ್ಲಿ ಬಂತು, ಇನ್ನೂ ದೊಡ್ಡದು 2016ರಲ್ಲಿ. 1994ರಲ್ಲಿ ಸಿಕ್ಕ ಶೋವೆ ಗುಹೆಯನ್ನಂತೂ ಲಾಸ್ಕೋದ ಪಾಠ ಕಲಿತು ಸಾರ್ವಜನಿಕರಿಗೆ ಒಂದು ದಿನವೂ ತೆರೆಯಲಿಲ್ಲ. ಆ ಚಿತ್ರಗಳು ಆರೋಗ್ಯವಾಗಿವೆ. ಜನ ಅಂಗೀಕರಿಸಲು ಕಷ್ಟಪಡುವ ಉತ್ತರ ಇದು, ಆದರೂ ಗುಹೆಗಳ ಮಟ್ಟಿಗೆ ಸರಿಯೆಂದೇ ನನ್ನ ಅಭಿಪ್ರಾಯ. ದಿನವೂ ಪೂಜೆ ನಡೆಯುವ ಗುಡಿಗೆ ಇದು ಹೊಂದುವುದಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರ ಮೆರವಣಿಗೆಯೂ ಪುರಾಣದ ಪ್ರಸಂಗಗಳೂ ಇವೆ, ಶ್ರವಣಬೆಳಗೊಳದ ಜೈನ ಮಠದ ಗೋಡೆಗಳಲ್ಲಿ ತೀರ್ಥಂಕರರ ಕಥೆಗಳಿವೆ. ಅಲ್ಲಿಂದ ದೀಪವನ್ನೂ ಭಕ್ತರನ್ನೂ ಹೊರಗೆ ಕಳಿಸಿದರೆ ಆ ಚಿತ್ರಗಳನ್ನು ಬರೆಸಿದ ಉದ್ದೇಶವೇ ಹೋಯಿತು. ಬಾಗಿಲು ಹಾಕುವ ಅವಕಾಶ ಇಲ್ಲದಿರುವುದರಿಂದಲೇ ಇಂಥಲ್ಲಿ ನೀರಿನ ಮೇಲಿನ ಗಮನ ಇನ್ನಷ್ಟು ಬಿಗಿಯಾಗಿರಬೇಕು.

ಮೇಲೆ ಏನಾದರೂ ಬಳಿದು ಕಾಪಾಡುವ ಹಂಬಲಕ್ಕೆ ತೆತ್ತ ಬೆಲೆ ನಮ್ಮ ನೆರೆಯಲ್ಲೇ ಇದೆ. ನಿಜಾಮರ ಸರ್ಕಾರ 1920ರಲ್ಲಿ ಅಜಂತಾಕ್ಕೆ ಇಟಲಿಯಿಂದ ಕರೆಸಿದ ತಜ್ಞರು ಚಿತ್ರಗಳ ಮೇಲೆ ಅರಗಿನ ಮೆರುಗೆಣ್ಣೆ ಹಚ್ಚಿದರು. ಬಿಡುತ್ತಿದ್ದ ಗಾರೆಯನ್ನು ಅವರು ಭದ್ರಪಡಿಸಿದ್ದು ಉಪಕಾರವೇ. ಮೆರುಗೆಣ್ಣೆ ಮಾತ್ರ ಹಳದಿಗಟ್ಟಿ ಬಣ್ಣಗಳನ್ನು ಮರೆಮಾಡಿತು, ಅದನ್ನು ಬಿಡಿಸುವುದು ಭಾರತೀಯ ಪುರಾತತ್ವ ಇಲಾಖೆಗೆ ದಶಕಗಳ ಕೆಲಸವಾಯಿತು. ನಮ್ಮ ಮಂಟಪಗಳಲ್ಲಿ ಕಲ್ಲುಚಪ್ಪಡಿಯ ಮೇಲೆ ಇಟ್ಟಿಗೆ-ಸುಣ್ಣದ ಗಚ್ಚು ಹಾಕಿ ಮಳೆನೀರು ಜಾರಿಹೋಗುವ ಓಟ ಕೊಟ್ಟಿರುತ್ತಾರೆ. ಗಚ್ಚು ಬಿರಿದರೆ, ಬಿರುಕಿನಲ್ಲಿ ಅರಳಿ ಸಸಿ ಬೇರು ಬಿಟ್ಟರೆ, ನೀರು ಹೊರಬೀಳುವ ತೂಬು ಕಸ ಕಟ್ಟಿದರೆ ಚಪ್ಪಡಿಯ ಕೆಳಗಿನ ಚಿತ್ರಕ್ಕೆ ಆಪತ್ತು. ಆ ಬಿರುಕಿಗೆ ಸಿಮೆಂಟು ಮೆತ್ತಿದರೆ ಆಪತ್ತು ಹೆಚ್ಚೇ: ಸಿಮೆಂಟು ತನ್ನ ಉಪ್ಪನ್ನು ಗಾರೆಗೆ ಇಳಿಸುತ್ತದೆ, ಒಳಸೇರಿದ ತೇವ ಆರಲು ಬಿಡುವುದಿಲ್ಲ. ಬಣ್ಣದ ಮೇಲಿನ ಕಪ್ಪನ್ನು ಕಂಡು ರಾಸಾಯನಿಕ ತೊಳೆತಕ್ಕೆ ಅಂದಾಜುಪಟ್ಟಿ ತಯಾರಿಸುವ ಮುನ್ನ ಒಬ್ಬರು ಛಾವಣಿ ಹತ್ತಿ ನೋಡಿ ಬರಬೇಕು. ಆ ಕಪ್ಪು ದೀಪದ ಮಸಿಯೋ, ಬದುಕಿರುವ ಶಿಲೀಂಧ್ರವೋ, ಸತ್ತದ್ದರ ಗುರುತೋ ಎಂದು ಪರೀಕ್ಷಿಸಬೇಕು, ಮೂರಕ್ಕೂ ಬೇರೆ ಬೇರೆ ದಾರಿ. ಒಂದು ಮಳೆಗಾಲ, ಒಂದು ಬೇಸಿಗೆ ಸೇರಿದಂತೆ ವರ್ಷವಿಡೀ ಉಷ್ಣತೆ-ತೇವಾಂಶ ದಾಖಲಿಸುವ ಸಣ್ಣ ಉಪಕರಣಕ್ಕೆ ಆಗುವ ಖರ್ಚು ಒಂದು ಸುತ್ತು ತೊಳೆತದ ಖರ್ಚಿಗಿಂತ ಎಷ್ಟೋ ಕಡಿಮೆ. ಅದರ ಜೊತೆಗೆ, ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು, ಅದೇ ಬೆಳಕಿನಲ್ಲಿ, ಅಳತೆಪಟ್ಟಿ ಇಟ್ಟು ತೆಗೆದ ಫೋಟೊಗಳೂ ಬೇಕು. ಬರ್ಟನ್ನನ ಫೋಟೊಗಳಿಲ್ಲದೆ ಇದ್ದಿದ್ದರೆ ಟುಟಾಂಖಾಮನ್ನನ ಗೋಡೆಯ ಚುಕ್ಕೆ ಬೆಳೆಯುತ್ತಿದೆಯೋ ಇಲ್ಲವೋ ಎಂದು ಇಷ್ಟು ಖಚಿತವಾಗಿ ಹೇಳುವುದು ಕಷ್ಟವಿತ್ತು. ಕರ್ನಾಟಕದಲ್ಲಿ ಚಿತ್ರವಿರುವ ಪ್ರತಿಯೊಂದು ಛಾವಣಿಗೂ ಅಂಥ ಫೋಟೊ ದಾಖಲೆ ಮಾಡಲು ಒಳ್ಳೆಯ ಕ್ಯಾಮೆರಾ, ಒಂದು ಏಣಿ, ಕೆಲಸ ಬಲ್ಲ ಇಬ್ಬರು ಸಾಕು. ಈ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಶುರುಮಾಡಬಹುದು.